ಜಗಲಿಗೊಂದು ಪ್ಲಗ್

ಕಿನ್ನರ, ಮಂಗಳವಾರ

ಪ್ರೀತಿಯ ಆಯಿ,

ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಇರುತ್ತಾರೆ. ಅದಕ್ಕೇ ಅಂಕೋಲೆಗೆ ಕೆಲಸಕ್ಕೆ ಬರುವ ರೂಪಾಲಿಯ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ.

ನಿನ್ನ ಅಳಿಯ ಪೆಟ್ರೋಲ್ ಬೈಕ್ ಮಾರಿ ಕರೆಂಟ್ ಬೈಕ್ ತಂದಿದ್ದಾರೆ. ಮೊದಲು ನಿಮ್ಮಲ್ಲಿಗೆ ಹೋಗೋಣ ಎಂದಾಗಲೆಲ್ಲ, “ಬರೀ ಚಾ ಕುಡೂಕೆ ಎರಡು ಲೀಟರ್ ಪೆಟ್ರೋಲ್ ಸುಡೂದಾ?” ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಬಂದರೂ ಹೆಲ್ಮೆಟ್ ಕೈಯಲ್ಲೇ ಹಿಡಿದು, ನಿಂತೇ ಚಾ ಕುಡಿದು, ನನ್ನನ್ನೂ ಹೊರಡಿಸುತ್ತಿದ್ದರು. ಈಗ ಲೆಕ್ಕ ಹಾಕಿ ಅವರೇ, “ಇನ್ನೂರು ರೂಪಾಯಿ ದಾರಿ ಇಪ್ಪತ್ತೈದರಲ್ಲಿ ಮುಗೀತದೆ, ಪ್ರತಿ ಆಯ್ತವಾರ ಹೋಗ್ವ” ಎಂದು ಕುಣಿಯುತ್ತಿದ್ದಾರೆ!

ಆದರೆ ಒಮ್ಮೆ ಚಾರ್ಜ್ ಮಾಡಿದರೆ ಬ್ಯಾಟರಿ ಅಂಕೋಲೆ ಮುಟ್ಟಿಸುತ್ತದೆ, ವಾಪಸ್ ತರುವುದಿಲ್ಲ. ನಿಮ್ಮಲ್ಲಿ ನಾಲ್ಕು ತಾಸು ಚಾರ್ಜಿಗೆ ಇಡಲೇಬೇಕು. “ಮಾವನ ಮನೆ ಕರೆಂಟು, ಅದೂ ಫುಕಟ್” ಎಂದು ಇವರಿಗೆ ಮತ್ತೂ ಖುಷಿ.

ಹಾಗಾಗಿ ಆಯಿ, ಆಯ್ತವಾರದೊಳಗೆ ತಮ್ಮ ಕಿಶನನಿಗೆ ಹೇಳಿ ಜಗಲಿಗೆ ಒಂದು ಪ್ಲಗ್ ಹಾಕಿಸು. ಬಂಗಡೆ ಸಾರು ಮಾಡು. ಮದುವೆಯಾದ ಮೇಲೆ ಇವರು ಒಮ್ಮೆಯೂ ನಿನ್ನ ಕೈಯೂಟ ಉಂಡಿಲ್ಲ. ಅಳಿಯನ ಜೊತೆ ಆಡಲು ಬಾಬಾಗೆ ಇಸ್ಪೀಟು ತೆಗೆದಿಡಲು ಹೇಳು. ನಾನಂತೂ ನಿನ್ನ ಪಕ್ಕ ಚಾಪೆ ಹಾಸಿ ಮಲಗಿಬಿಡುತ್ತೇನೆ.

ಮತ್ತೊಂದು ಮಾತು. ಅಂಕೋಲೆಯ ಹೆದ್ದಾರಿ ಬದಿ ಅರ್ಧ ತಾಸಿನಲ್ಲೇ ಚಾರ್ಜ್ ಆಗುವ ಯಂತ್ರ ಬಂದಿದೆಯೆಂದು ರೂಪಾಲಿ ಹೇಳಿದಳು. ಕಿಶನ ಇವರ ಮುಂದೆ ಅದರ ಸುದ್ದಿ ಎತ್ತದ ಹಾಗೆ ನೋಡಿಕೋ.

ನಿನ್ನ ಮಗಳು
ಚಂದನಾ