ನಾಲ್ಕನೇ ವಾಲ್ವಿನ ಬಲ್ಬು

ಮಾವನವರಿಗೆ, ನಿಮ್ಮ ಸೊಸೆಯ ನಮಸ್ಕಾರ.

ಒಂದೇ ಮನೆಯಲ್ಲಿ ಇದ್ದುಕೊಂಡು ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದುಕೊಳ್ಳಬೇಡಿ. ನಿಮಗೆ ಏನು ಹೇಳಬೇಕಾದರೂ ಕೂಗಬೇಕು. ಮೂವತ್ತಾರು ವರ್ಷ ನೀರು ಸರಬರಾಜಿನ ಪಂಪುಗಳ ಪಕ್ಕ ನಿಂತು ನಿಮ್ಮ ಕಿವಿ ಕೈಕೊಟ್ಟಿದೆ. 'ಊಟಕ್ಕೆ ಬನ್ನಿ' ಎನ್ನುವುದನ್ನು ಕೂಗಬಹುದು, 'ಔಷಧಿ ತಗೊಂಡ್ರಾ' ಎನ್ನುವುದನ್ನೂ ಕೂಗಬಹುದು. ಈ ಮಾತನ್ನು ಕೂಗಿದರೆ ಪಕ್ಕದ ಮನೆಯವರೂ ಕೇಳಿಸಿಕೊಂಡು ಮೂಗೊರೆಸಿಕೊಳ್ಳುತ್ತಾರೆ. ಅದಕ್ಕೇ ಬರೆದು ನಿಮ್ಮ ಕನ್ನಡಕದ ಪೆಟ್ಟಿಗೆಯ ಕೆಳಗೆ ಇಟ್ಟಿದ್ದೇನೆ. ಜೊತೆಗೆ ಮಡಚಿಟ್ಟ ಒಂದು ದೊಡ್ಡ ಹಾಳೆ ಇದೆ. ಅದನ್ನು ಈಗಲೇ ಬಿಚ್ಚಬೇಡಿ, ಮೊದಲು ಇದನ್ನು ಓದಿ. ನಿಮ್ಮ ಅವಸರ ನನಗೆ ಗೊತ್ತಿದ್ದದ್ದೇ.

ನಾನು ಕೆಲಸಕ್ಕೆ ಸೇರುವ ಹಿಂದಿನ ದಿನ ನೀವು ನನ್ನನ್ನು ಊಟದ ಮೇಜಿನ ಮುಂದೆ ಕೂರಿಸಿಕೊಂಡದ್ದು ನೆನಪಿದೆಯೇ? ನೀವು ನಿವೃತ್ತರಾಗಿ ಆಗ ಮೂರು ತಿಂಗಳಾಗಿತ್ತು. ಪರೀಕ್ಷೆ ಬರೆದು, ಎಪ್ಪತ್ತು ಜನರಲ್ಲಿ ಮೊದಲಿಗಳಾಗಿ ಬಂದರೂ ಊರೆಲ್ಲ 'ಮಾವನ ಕುರ್ಚಿ ಸೊಸೆಗೆ' ಎಂದು ಮಾತಾಡಿಕೊಂಡಿತ್ತು. ನೀವು ಒಂದು ಬೆಂಕಿಪೊಟ್ಟಣ ತೆಗೆದು ಮೇಜಿನ ಮೇಲೆ ಕಡ್ಡಿಗಳನ್ನು ಸಾಲಾಗಿ ಜೋಡಿಸಿದಿರಿ. ಫಿಲ್ಟರ್ ಮನೆಯ ಪ್ಯಾನೆಲಿನಲ್ಲಿ ಲೆಕ್ಕ ಹಾಕುವ ಪೆಟ್ಟಿಗೆ ಒಂದು, ಅದರ ಅಪ್ಪಣೆಯನ್ನು ಹೊರಗಿನ ವಾಲ್ವುಗಳಿಗೆ ಮುಟ್ಟಿಸುವ ಔಟ್‌ಪುಟ್ ಕಾರ್ಡು ಇನ್ನೊಂದು ಎಂದಿರಿ. ಕಾರ್ಡಿನ ಮುಖದ ಮೇಲೆ ಹದಿನಾರು ಪುಟ್ಟ ಕೆಂಪು ದೀಪ, ಹಿಂದೆ ಹದಿನಾರು ತಂತಿ. "ಪೆಟ್ಟಿಗೆ ತಲೆ, ಕಾರ್ಡು ಕೈ. ಹೆಸರೆಲ್ಲ ತಲೆಗೆ ಹೋಗುತ್ತೆ. ನೀನು ಕೈ ನೋಡ್ಕೋ," ಎಂದು ಹೇಳಿ ಕಡ್ಡಿಗಳನ್ನೆಲ್ಲ ಮತ್ತೆ ಪೊಟ್ಟಣಕ್ಕೆ ತುಂಬಿದಿರಿ. ಒಂಬತ್ತು ವರ್ಷದಲ್ಲಿ ನೀವು ನನಗೆ ಮಾಡಿದ ಪಾಠ ಅಷ್ಟೇ. ಹೊಗಳಿದ್ದಂತೂ ಒಂದು ದಿನವೂ ಇಲ್ಲ.

ಹೋದ ತಿಂಗಳು ಆ ಕೈಗೇ ಪೆಟ್ಟು ಬಿತ್ತು. ಕಾರ್ಡಿನ ಐದು ದಾರಿಗಳು ಒಟ್ಟಿಗೆ ಸತ್ತವು. ಅದನ್ನು ತಯಾರಿಸುವುದನ್ನು ಬಿಟ್ಟೇ ಹದಿನೆಂಟು ವರ್ಷ ಆಗಿದೆ, ಎಲ್ಲಿ ಹುಡುಕಿದರೂ ಹೊಸದು ಸಿಗುವುದಿಲ್ಲ. ದೊಡ್ಡ ಸಾಹೇಬರು ಇಡೀ ಪ್ಯಾನೆಲನ್ನೇ ಕಿತ್ತು ಗುಜರಿಗೆ ಹಾಕುವ ಪತ್ರ ಸಿದ್ಧ ಮಾಡಿಕೊಂಡರು. ಕಿತ್ತರೆ ಹೊಸದು ಬಂದು ಕೂರುವವರೆಗೆ ಎರಡು ತಿಂಗಳು, ಅಷ್ಟು ದಿನವೂ ಊರಿಗೆ ದಿನ ಬಿಟ್ಟು ದಿನ ನೀರು. ನಾನು ಅವರ ಕೋಣೆಗೆ ಹೋಗಿ ಕಾರ್ಡನ್ನು ನಾನೇ ರಿಪೇರಿ ಮಾಡುತ್ತೇನೆ, ಗುಜರಿಗೆ ಹಾಕುವ ಮುನ್ನ ಪ್ಯಾನೆಲು ನೋಡಲು ಪರಿಶೀಲನೆಯವರು ಬರುವ ದಿನ ಎಂಟು ಫಿಲ್ಟರೂ ಓಡಿಸಿ ತೋರಿಸುತ್ತೇನೆ ಎಂದುಬಿಟ್ಟೆ. ಹೊರಗೆ ಬಂದ ಮೇಲೆ ಹೆಚ್ಚೇ ಹೇಳಿದೆನೇನೋ ಎನಿಸಿತು. ಆದರೂ ಮಾತು ಕೊಟ್ಟಾಗಿತ್ತು.

ಹನ್ನೊಂದು ದಿನ ವರ್ಕ್‌ಶಾಪಿನ ಮೇಜಿನ ಮೇಲೆ ಆ ಕಾರ್ಡನ್ನು ಇಟ್ಟುಕೊಂಡು ಕೂತೆ. ಸುಟ್ಟುಹೋದ ಐದು ಬಿಡಿಭಾಗ ಬಿಚ್ಚಿ, ಹಳೇ ಬೆಸುಗೆ ಹೀರಿ ತೆಗೆದು, ಹೊಸದು ಕೂರಿಸಿದೆ. ಹದಿನಾರು ದಾರಿಗೂ ಒಂದೊಂದು ಬಲ್ಬು ಕಟ್ಟಿ ಉರಿಸಿ ನೋಡಿದೆ. ಎಲ್ಲವೂ ಸರಿಯಾಗಿ ಹತ್ತಿ, ಸರಿಯಾಗಿ ಆರಿದವು. ಜಂಬ ಬಂತು, ಮಾವ. ಜಂಬ ಬಂದಾಗ ಮನುಷ್ಯರು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಪರಿಶೀಲನೆಯವರು ನಾಳೆ ಬರುತ್ತಾರೆ ಎನ್ನುವಾಗ ಪ್ಯಾನೆಲಿನ ಒಳಗನ್ನು ಚೊಕ್ಕಟ ಮಾಡಲು ಹೊರಟೆ.

ಧೂಳು ಹೊಡೆದೆ, ಜೋತುಬಿದ್ದ ತಂತಿಗಳನ್ನು ಕಟ್ಟಿದೆ. ಹಿಂಬದಿಯ ಮೂಲೆಯಲ್ಲಿ ನಿಮ್ಮ ಬಲ್ಬು ಕಾಣಿಸಿತು. ಹದಿನೈದು ವ್ಯಾಟಿನ ಸಾಧಾರಣ ಬಲ್ಬು, ಕಂದು ಹೋಲ್ಡರು, ನೀವು ಸುತ್ತಿದ ಬಟ್ಟೆಯ ಟೇಪು, ಅದರ ಮೇಲೆ ನಿಮ್ಮ ಅಕ್ಷರದಲ್ಲಿ ಇಪ್ಪತ್ತೊಂದು ವರ್ಷದ ಹಿಂದಿನ ತಾರೀಕು. ನಾಲ್ಕನೇ ಫಿಲ್ಟರಿನ ವಾಲ್ವು ತೆರೆದಾಗ ಅದು ಹತ್ತುತ್ತದೆ, ಮುಚ್ಚಿದಾಗ ಆರುತ್ತದೆ. ಆದರೆ ಪ್ಯಾನೆಲಿನ ಬಾಗಿಲು ಸದಾ ಮುಚ್ಚಿರುತ್ತದೆ. ಒಳಗೆ ಯಾರಿಗಾಗಿ ಉರಿಯಬೇಕು ಈ ದೀಪ? ವರ್ಷಗಳಿಂದ ನಾನೂ ಪ್ಯಾನೆಲ್ ಆಪರೇಟರ್ ಅಕ್ಕನೂ ಅದನ್ನು 'ಮಾವನ ನೈಟ್ ಲ್ಯಾಂಪ್' ಎಂದು ಆಡಿಕೊಂಡು ನಗುತ್ತಿದ್ದೆವು. ನಕ್ಷೆ ತೆಗೆದು ನೋಡಿದೆ, ಅದರಲ್ಲಿ ಬಲ್ಬು ಇರಲಿಲ್ಲ. ನಕ್ಷೆಯಲ್ಲಿ ಇಲ್ಲದ್ದು ಪ್ಯಾನೆಲಿನಲ್ಲಿ ಇರಬಾರದು ಎಂದು ಓದಿಕೊಂಡವಳು ನಾನು. ಎರಡು ಸ್ಕ್ರೂ ಸಡಿಲಿಸಿ ತೆಗೆದೇಬಿಟ್ಟೆ.

ಅಂದು ರಾತ್ರಿಯ ಊಟದ ಹೊತ್ತಿಗೆ ಅದನ್ನು ನಿಮ್ಮ ತಟ್ಟೆಯ ಪಕ್ಕ ಇಟ್ಟು, ತಮಾಷೆಗೆಂದು ಲಾಗ್ ಹಾಳೆಯ ಹಿಂಬದಿಯಲ್ಲಿ 'ನಿಮ್ಮ ಆಸ್ತಿ ವಾಪಸ್' ಎಂದು ಬರೆದು ತೋರಿಸಿದೆ. ಅತ್ತೆ ನಕ್ಕರು. ಬಲ್ಬು ಬದಲಿಸಲು ಸ್ಟೂಲು ಹತ್ತುವುದಕ್ಕೂ ಹೆದರುವ ನಿಮ್ಮ ಮಗರಾಯರೂ ನಕ್ಕರು. ನೀವು ಮಾತ್ರ ಬಲ್ಬನ್ನು ಬೆಳಕಿಗೆ ಹಿಡಿದು, ಒಳಗಿನ ಎಳೆ ನೋಡಿ, ಜೇಬಿಗೆ ಹಾಕಿಕೊಂಡು ಎದ್ದು ಹೋದಿರಿ. ನಿಮಗೆ ಬೇಸರವಾಯಿತು ಎಂದುಕೊಂಡೆ. ಬೆಳಿಗ್ಗೆ ಹೊರಡುವಾಗ ನನ್ನ ಚೀಲದಲ್ಲಿ ಮೀಟರಿನ ಪಕ್ಕ ನಿಮ್ಮ ಕರ್ಚೀಫಿನಲ್ಲಿ ಸುತ್ತಿದ ಗಂಟು ಕೈಗೆ ತಗುಲಿತು. ಮುದುಕರ ಹಠ ಎಂದು ನನಗೆ ಸಿಟ್ಟೇ ಬಂತು. ಬಸ್ಸಿಗೆ ಹೊತ್ತಾಗಿತ್ತು, ಇಲ್ಲದಿದ್ದರೆ ತೆಗೆದು ಕಪಾಟಿನಲ್ಲಿಟ್ಟು ಹೋಗುತ್ತಿದ್ದೆ.

ಹನ್ನೊಂದು ಗಂಟೆಗೆ ಪರಿಶೀಲನೆಯವರು ಬಂದರು. ಹೊರಗಿನಿಂದ ಬಂದ ಮೂವರು, ಅವರ ಮುಂದಾಳು ಬಿಳಿ ಕೂದಲಿನ ಒಬ್ಬ ಮೇಡಂ. ಸಾಹೇಬರು ಇಸ್ತ್ರಿ ಮುರಿಯದ ಶರ್ಟಿನಲ್ಲಿ ನಿಂತಿದ್ದರು. ಒಂದನೇ ಫಿಲ್ಟರಿನ ವಾಲ್ವು ತೆರೆಯಿತು, ಮುಚ್ಚಿತು. ಎರಡು, ಮೂರು, ಅವೂ ಸರಿ. ನಾಲ್ಕು ತೆರೆಯಿತು. ಮುಚ್ಚಲು ಹೇಳಿದೆ. ಕಾರ್ಡಿನ ಮೇಲಿನ ಕೆಂಪು ದೀಪ ಆರಿತು, ಆದರೆ ವಾಲ್ವು ಮುಚ್ಚಲಿಲ್ಲ. ಫಿಲ್ಟರು ತೊಳೆಯುವ ನೀರು ಮೋರಿಗೆ ಸುರಿಯುತ್ತಲೇ ಇತ್ತು. ಆಪರೇಟರ್ ಅಕ್ಕ ಓಡಿಹೋಗಿ ಕೈಯಲ್ಲೇ ಚಕ್ರ ತಿರುಗಿಸಿ ನಿಲ್ಲಿಸಿದಳು.

ಸಾಹೇಬರಿಗೆ ಅಷ್ಟೇ ಬೇಕಾಗಿತ್ತು. "ನಾನು ಹೇಳ್ಲಿಲ್ವೇನಮ್ಮಾ? ಇದೆಲ್ಲ ತೇಪೆ ಕೆಲಸ. ನಿಮ್ಮ ಮಾವನೂ ಸರ್ವೀಸೆಲ್ಲ ತೇಪೆ ಹಾಕ್ಕೊಂಡೇ ಕಳೆದ್ರು," ಎಂದರು. ನನ್ನನ್ನು ಅಂದದ್ದು ನನಗೆ ನಾಟಲಿಲ್ಲ, ನಿಮ್ಮನ್ನು ಅಂದದ್ದು ನಾಟಿತು. ಮೇಡಂ ಗಡಿಯಾರ ನೋಡಿ, ಊಟ ಮುಗಿಸಿ ಎರಡು ಗಂಟೆಗೆ ಬರುತ್ತೇವೆ, ಅಷ್ಟರಲ್ಲಿ ಆಗದಿದ್ದರೆ ಗುಜರಿ ಪತ್ರಕ್ಕೆ ಸಹಿ ಮಾಡಿ ಹೋಗುತ್ತೇವೆ ಎಂದರು.

ನನಗೆ ಮೊದಲು ಅನುಮಾನ ಬಂದದ್ದು ನನ್ನ ಬೆಸುಗೆಯ ಮೇಲೆ. ಕಾರ್ಡು ಹೊರಗೆ ತೆಗೆದು, ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದೆ. ಒಂದು ಗಂಟೆ ಅದರಲ್ಲೇ ಹೋಯಿತು. ಬೆಸುಗೆಯಲ್ಲಿ ತಪ್ಪಿರಲಿಲ್ಲ. ಕಾರ್ಡನ್ನು ಮತ್ತೆ ಕೂರಿಸಿ, ನಾಲ್ಕನೇ ವಾಲ್ವನ್ನು ತೆರೆಸಿ, ಮುಚ್ಚಲು ಹೇಳಿ ಅದರ ತಂತಿಗೆ ಮೀಟರು ಹಿಡಿದೆ. ಸೊನ್ನೆ ಇರಬೇಕಾದ ಕಡೆ ಮೂವತ್ತೆಂಟು ವೋಲ್ಟು. ಕೈ ಬಿಟ್ಟಿದ್ದೇನೆ ಎಂದು ಹೇಳುತ್ತಾ ಕಾರ್ಡು ಬೆರಳ ತುದಿಯಲ್ಲಿ ಹಿಡಿದುಕೊಂಡೇ ಇತ್ತು. ಬಿಗಿಯಾಗಿ ಮುಚ್ಚಿದ ನಲ್ಲಿಯೂ ತೊಟ್ಟಿಕ್ಕುವ ಹಾಗೆ, ಈ ಜಾತಿಯ ಕಾರ್ಡುಗಳಲ್ಲಿ ಆರಿಸಿದ ಮೇಲೂ ಸ್ವಲ್ಪ ಕರೆಂಟು ಸೋರುತ್ತದೆ. ಅದನ್ನು ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಮಿಕ್ಕ ಏಳು ವಾಲ್ವುಗಳನ್ನು ಎಳೆದು ತೆರೆಯುವ ಕಾಯಿಲುಗಳು ಮುಷ್ಟಿ ಗಾತ್ರದ ತಂತಿಸುರುಳಿಗಳು, ಆ ಸೋರಿಕೆ ಅವಕ್ಕೆ ಲೆಕ್ಕಕ್ಕೇ ಇಲ್ಲ. ನಾಲ್ಕನೆಯದರ ಕಾಯಿಲು ಮಾತ್ರ ನಡುವೆ ಎಂದೋ ಬದಲಾಯಿಸಿದ್ದು, ಹೆಬ್ಬೆರಳಿನಷ್ಟು ಪುಟ್ಟದು. ಒಮ್ಮೆ ಎಳೆದುಕೊಂಡ ಮೇಲೆ ಹಿಡಿದಿರಲು ಅದಕ್ಕೆ ಆ ತೊಟ್ಟೇ ಸಾಕು. ಆ ತೊಟ್ಟು ಹರಿದುಹೋಗಲು ಪಕ್ಕದಲ್ಲಿ ಇನ್ನೊಂದು ದಾರಿ ಬೇಕು. ಒಂದು ಬಲ್ಬು ಇದ್ದರೂ ಆಯಿತು.

ಮಾವ, ಯಾರಾದರೂ ನೋಡಲಿ ಎಂದು ನೀವು ಆ ದೀಪ ಹಾಕಿರಲಿಲ್ಲ. ಅದು ಅಲ್ಲಿ ದುಡಿಯುತ್ತಿತ್ತು, ಇಪ್ಪತ್ತೊಂದು ವರ್ಷದಿಂದ ಒಂದೇ ಸಮ. ಚೀಲಕ್ಕೆ ಕೈ ಹಾಕಿ ಕರ್ಚೀಫಿನ ಗಂಟು ಬಿಚ್ಚಿದೆ. ಎರಡೂ ತಂತಿಯ ತುದಿಯನ್ನು ನೀವು ಹೊಸದಾಗಿ ಸುಲಿದು, ಹುರಿ ಮಾಡಿ, ಬೆಸುಗೆ ಹಚ್ಚಿ ಸಿದ್ಧ ಮಾಡಿದ್ದಿರಿ. ಎರಡು ಸ್ಕ್ರೂ ಬಿಗಿದೆ. ತೆರೆಸಿದೆ, ಬಲ್ಬು ಹತ್ತಿತು. ಮುಚ್ಚಿಸಿದೆ. ವಾಲ್ವು ಟಕ್ ಎಂದು ಬಿತ್ತು. ಅಷ್ಟು ಚಂದದ ಸದ್ದನ್ನು ನಾನು ಇದುವರೆಗೆ ಕೇಳಿಲ್ಲ.

ಎರಡು ಗಂಟೆಗೆ ಎಂಟು ವಾಲ್ವನ್ನೂ ಮೂರು ಮೂರು ಸಲ ಓಡಿಸಿ ತೋರಿಸಿದೆ. ಮೇಡಂ ಪ್ಯಾನೆಲಿನ ಹಿಂದಕ್ಕೆ ಬಗ್ಗಿ, ಈ ಬಲ್ಬು ಯಾವ ನಕ್ಷೆಯಲ್ಲಿದೆ ಎಂದು ಕೇಳಿದರು. ಯಾವುದರಲ್ಲೂ ಇಲ್ಲ, ಹಾಕಿದವರು ನನ್ನ ಮಾವ, ಏನೂ ತಿಳಿಯದೆ ನಿನ್ನೆ ಕಿತ್ತವಳು ನಾನು ಎಂದೆ. ಸಾಹೇಬರ ಮುಂದೆಯೇ ಹೇಳಿದೆ, ನಾಚಿಕೆಯಾಗಲಿಲ್ಲ. ಆಕೆ ಇನ್ನಷ್ಟು ಬಗ್ಗಿ ಬಲ್ಬಿನ ತಂತಿ ಎಲ್ಲಿಗೆ ಹೋಗಿದೆ ಎಂದು ನೋಡಿದರು. ಆಮೇಲೆ, "ನಕ್ಷೇಲಿ ಇಲ್ಲ ಅಂದ್ರೆ ಮುಂದೆ ಬರೋರೂ ಕೀಳ್ತಾರೆ. ಬರೆದಿಡಿ. ಇದು ತೇಪೆ ಅಲ್ಲ," ಎಂದರು. ಪ್ಯಾನೆಲು ಇನ್ನೂ ನಾಲ್ಕು ವರ್ಷ ಓಡಲಿ ಎಂದು ಅಲ್ಲೇ ನಿಂತು ಬರೆದುಕೊಟ್ಟರು.

ಸಂಜೆ ನಾನು ಬಂದಾಗ ನೀವು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದಿರಿ. ಕೇಳಿದ್ದು ಒಂದೇ ಮಾತು. "ಬಿತ್ತಾ?" ನಾನು ತಲೆಯಾಡಿಸಿದೆ. ನೀವು ಪೇಪರು ಬಿಡಿಸಿಕೊಂಡಿರಿ. ಪೇಪರು ತಲೆಕೆಳಗಾಗಿತ್ತು, ನಾನು ಹೇಳಲಿಲ್ಲ.

ಊಟದ ಮೇಜಿನ ಮೇಲೇ ಒಂದು ಮಾತು ಹೇಳಬಹುದಿತ್ತಲ್ಲ ಎಂದು ಎರಡು ದಿನ ಒಳಗೊಳಗೇ ನಿಮ್ಮ ಮೇಲೆ ಕುದಿದೆ. ನಿನ್ನೆ ನಕ್ಷೆ ಬರೆಯುತ್ತಾ ಕೂತಾಗ ಗೊತ್ತಾಯಿತು. ನೀವು ಹೇಳಿದ್ದರೆ ನಾನು ತಲೆ ತಗ್ಗಿಸಿ ಬಲ್ಬನ್ನು ಮತ್ತೆ ಹಾಕುತ್ತಿದ್ದೆ, ಕೇಳಿದವರಿಗೆಲ್ಲ 'ಮಾವ ಹೇಳಿದರು' ಎನ್ನುತ್ತಿದ್ದೆ. ಊರು ಹೇಳಿದ್ದೇ ನಿಜವಾಗುತ್ತಿತ್ತು. ನೀವು ಉತ್ತರವನ್ನು ನಿಮ್ಮ ಹತ್ತಿರವೇ ಇಟ್ಟುಕೊಂಡು ಬಲ್ಬನ್ನು ನನ್ನ ಚೀಲದಲ್ಲಿಟ್ಟಿರಿ, ಅದೂ ಮೀಟರಿನ ಪಕ್ಕದಲ್ಲೇ. ಇವಳು ಅಳೆದು ನೋಡುತ್ತಾಳೆ, ಅಳೆದರೆ ತಿಳಿದುಕೊಳ್ಳುತ್ತಾಳೆ ಎಂದು ನಂಬಿದಿರಿ. ಒಂಬತ್ತು ವರ್ಷ ಕಾದ ಹೊಗಳಿಕೆ ನನಗೆ ಕರ್ಚೀಫಿನ ಗಂಟಿನಲ್ಲಿ ಸಿಕ್ಕಿತು. ನನಗೆ ನಿಮ್ಮ ಬಗ್ಗೆ ಹೆಮ್ಮೆ ಇದೆ ಮಾವ, ತುಂಬಾ ಹೆಮ್ಮೆ ಇದೆ. ನನ್ನ ಬಗ್ಗೆಯೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಈಗ ಆ ದೊಡ್ಡ ಹಾಳೆ ಬಿಚ್ಚಿ. ಇದು ಪ್ರತಿ, ಅಸಲು ಪ್ಯಾನೆಲಿನ ಬಾಗಿಲಿನ ಜೇಬಿನಲ್ಲಿದೆ. ನಾಲ್ಕನೇ ವಾಲ್ವಿನ ಕಾಯಿಲಿನ ಪಕ್ಕದಲ್ಲಿ ನಿಮ್ಮ ಬಲ್ಬನ್ನು ಬರೆದಿದ್ದೇನೆ. ಕೆಳಗೆ 'ತೆಗೆಯಬಾರದು, ತೆಗೆದರೆ ವಾಲ್ವು ಮುಚ್ಚುವುದಿಲ್ಲ' ಎಂದು ಕಾರಣವನ್ನೂ ಬರೆದಿದ್ದೇನೆ. ನಿಮ್ಮ ಕಾಲದಲ್ಲಿ ಮೆಕ್ಯಾನಿಕ್ಕಿಗೆ ನಕ್ಷೆ ಮುಟ್ಟುವ ಹಕ್ಕಿರಲಿಲ್ಲ ಎಂದು ಅತ್ತೆ ಹೇಳಿದರು. ಬಲಗಡೆ ಕೆಳಮೂಲೆಯ ಚೌಕ ನೋಡಿ. 'ರೂಪಿಸಿದವರು' ಎನ್ನುವ ಕಡೆ ನಿಮ್ಮ ಪೂರ್ತಿ ಹೆಸರಿದೆ. ಒಪ್ಪಿಗೆ ಕೊಟ್ಟವರ ಜಾಗದಲ್ಲಿ ಸಾಹೇಬರ ಸಹಿ ಇದೆ. ನಿಮ್ಮ ಹೆಸರನ್ನು ಎರಡು ಸಲ ಓದಿ ಸಹಿ ಹಾಕಿದರು.

ಗೆರೆ ಎಲ್ಲಾದರೂ ತಪ್ಪಿದ್ದರೆ ಕೆಂಪು ಪೆನ್ಸಿಲಿನಲ್ಲಿ ಗುರುತು ಮಾಡಿಡಿ, ಬಂದು ತಿದ್ದುತ್ತೇನೆ. ನಿಮ್ಮ ಕಣ್ಣು, ಕೈ ನೂರು ವರ್ಷ ಹೀಗೇ ಚೆನ್ನಾಗಿರಲಿ. ಕಿವಿಯ ಚಿಂತೆ ಬಿಡಿ, ಬರೆದು ಹೇಳಲು ನಾನಿದ್ದೇನೆ.

ಇಂತಿ,
ಆ ಚೌಕದಲ್ಲಿ ನಿಮ್ಮ ಹೆಸರಿನ ಕೆಳಗೇ 'ಪರಿಶೀಲಿಸಿದವರು' ಎಂದು ಸಹಿ ಹಾಕಿರುವ
ನಿಮ್ಮ ಸೊಸೆ