ಜುಮ್ಮನಕಾಯಿಯ ಸಿಪ್ಪೆ

೧೪ ನವೆಂಬರ್ ೨೦೨೪, ಗುರುವಾರ

ಇವತ್ತು ನನ್ನ ಬಾಯಿ ಸುಮ್ಮನಿರಬೇಕಿತ್ತು.

ಇಲ್ಲಿ ಮುಸಫ್ಫಾದಲ್ಲಿ ನನ್ನ ಮಗ ಡ್ಯಾರಲ್‌ನ ವರ್ಕ್‌ಶಾಪಿನ ಸ್ಟೀಫನ್ ಕೊಲೆಯಾದನಲ್ಲ, ಅದರ ವಿಚಾರಣೆಗೆ ಅರಬಿ ತನಿಖಾಧಿಕಾರಿಯೂ ಹೆಣ ಪರೀಕ್ಷಿಸಿದ ನಮ್ಮ ಉಡುಪಿಯ ಡಾಕ್ಟರ್ ಸಫೀನಾ ಅವರೂ ಮನೆಗೆ ಬಂದಿದ್ದರು. ಡಾಕ್ಟರ್ ಕೈಯಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದು ಕಪ್ಪು ಸಿಪ್ಪೆ.

"ಇದು ಎಂತದು, ಗೊತ್ತುಂಟಾ ಆಂಟಿ?" ಎಂದು ಡಾಕ್ಟರ್ ಕೇಳಿದರು.

"ಜುಮ್ಮನಕಾಯಿ! ಊರಿಂದ ನಾನೇ ತಂದದ್ದು. ಬಂಗುಡೆ ಮೀನಿನ ಗಸಿಗೆ ಇದನ್ನು ಹಾಕುವವಳು ಇಡೀ ಅಬುಧಾಬಿಯಲ್ಲಿ ನಾನೊಬ್ಬಳೇ. ಉಳಿದವರದ್ದೆಲ್ಲ ಪ್ಯಾಕೆಟ್ ಮಸಾಲೆ."

ಅಧಿಕಾರಿ ಬರೆದುಕೊಂಡ. ಆಮೇಲೆ ಡಾಕ್ಟರ್ ಮೆಲ್ಲಗೆ ಹೇಳಿದರು: ಅದು ಸಿಕ್ಕಿದ್ದು ಸ್ಟೀಫನ್‌ನ ಹೊಟ್ಟೆಯಲ್ಲಿ. ಉಂಡು ಸ್ವಲ್ಪ ಹೊತ್ತಿಗೇ ಸತ್ತಿದ್ದಾನೆ.

ಅವನು ಸತ್ತ ದಿನ ನಾನು ಮಾಡಿದ ಗಸಿ ಹೋದದ್ದು ಡ್ಯಾರಲ್‌ನ ಬುತ್ತಿಯಲ್ಲಿ ಮಾತ್ರ. ಅವತ್ತು ಸ್ಟೀಫನ್‌ನ ಮುಖವನ್ನೇ ನೋಡಿಲ್ಲವೆಂದು ಮಗ ಪೊಲೀಸರಿಗೂ ಹೇಳಿದ್ದಾನೆ, ನನಗೂ ಹೇಳಿದ್ದಾನೆ.

ಸುಳ್ಳು ಹೇಳಿದವನಿಗೆ ಈ ಮನೆಯಲ್ಲಿ ನಾನು ಎಂದೂ ಊಟ ಹಾಕಿದವಳಲ್ಲ. ಇವತ್ತು ಹಾಕಿದೆ.

"ಎಂತ ಮಮ್ಮಿ, ಮಾತೇ ಇಲ್ಲ? ಉಪ್ಪು ಜಾಸ್ತಿ ಆಯ್ತೂಂತ ಬೇಸರವಾ?" ಎಂದು ನಕ್ಕ.

ನಾಳೆ ಹೇಳಿಕೆಗೆ ಸಹಿ ಹಾಕಲು ಹೋಗಬೇಕು. ಒಮ್ಮೆ ಆಡಿದ್ದನ್ನು ಹಿಂದೆ ತೆಗೆದುಕೊಂಡವಳಲ್ಲ ನಾನು. ಬಹಳ ದಣಿದಿದ್ದೇನೆ. ಬೆಳಿಗ್ಗೆ ಅವನಿಗೆ ಬುತ್ತಿ ಕಟ್ಟಬೇಕೋ, ಬೇಡವೋ.