ನಿನ್ನ ನೋಡೋಣ, ನನ್ನ ನೋಡೋಣ

ಅಪ್ಪಾ,

ಬೆಳಿಗ್ಗೆ ನಿನ್ನ ಪ್ರವಾಸಿ ಬಸ್ಸಿನ ಕನ್ನಡಿ ಕೆಳಕ್ಕೆ ಬಾಗಿತ್ತು. ನೀನು ತೀರಿಹೋದ ಮೇಲೆ ಬಸ್ಸು ಓಡಿಸುವವನು ನಿನ್ನ ಕ್ಲೀನರ್ ಕುಳ್ಳ. ಯಾರ ಮಗಳೆಂದು ಹೇಳದೆ ನಾನೂ ಹತ್ತಿ ಕೂತೆ.

ಕೋಟೆಯ ಕಂದಕ ದಾಟಿ ಕೊತ್ತಲ ಹತ್ತಿದೆ. ಯುದ್ಧದಲ್ಲಿ ಗುಂಡು ಬಿದ್ದ ಗುಳಿಗಳು ಗೋಡೆಯಲ್ಲಿ ಹಾಗೇ ಇವೆ. ಫಿರಂಗಿಯ ಬಾಯಲ್ಲಿ ಗುಬ್ಬಿ ಗೂಡು ಕಟ್ಟಿದೆ. ಮೇಲಿಂದ ಕಾಣುತ್ತದೆ ಎಂದು ನೀನು ಹೇಳುತ್ತಿದ್ದ ಸಮುದ್ರ ಮಾತ್ರ ಕಾಣಲಿಲ್ಲ.

ಇಳಿದು ಬಂದು ಕುಳ್ಳನನ್ನು ಕೇಳಿದೆ. ಅವನು ನಕ್ಕುಬಿಟ್ಟ.

"ಸಮುದ್ರಾನಾ? ನಮ್ಮ ಹಳೇ ಡ್ರೈವರಣ್ಣನ್ನೂ ಯಾರೋ ಹೀಗೇ ಯಾಮಾರಿಸಿದ್ರು. ಪಾಪ, ಅವನು ಕೋಟೆ ಒಳಗೆ ಹೋದೋನೇ ಅಲ್ಲ. 'ಬಸ್ ನಾನ್ ನೋಡ್ಕೋತೀನಿ ಹೋಗಣ್ಣಾ' ಅಂದ್ರೆ, 'ಮಗಳು ಬರ್ಲಿ, ಓದಿದೋಳು, ಬಿಡಿಸಿ ಹೇಳ್ತಾಳೆ, ಜೊತೆಗೇ ನೋಡ್ತೀನಿ' ಅಂತಿದ್ದ."

"ಭಾನುವಾರ ಬಾರೇ, ಕೋಟೆ ನೋಡೋಣ" ಎಂದು ನೀನು ಕರೆದಾಗಲೆಲ್ಲ ನಾನು ಪುಸ್ತಕದಿಂದ ತಲೆಯೆತ್ತದೆ "ನೋಡೋಣ" ಎನ್ನುತ್ತಿದ್ದೆ. "ನಿನ್ನ 'ನೋಡೋಣ' ಬೇರೆ, ನನ್ನ 'ನೋಡೋಣ' ಬೇರೆ ಕಣೇ" ಎಂದು ನೀನು ನಗುತ್ತಿದ್ದೆ.

ಸಂಜೆ ಅಮ್ಮ ನನ್ನ ಚಪ್ಪಲಿಯ ಧೂಳು ನೋಡಿ, "ಒಂದಿನ ನನ್ನನ್ನೂ ಕರ್ಕೊಂಡ್ ಹೋಗೇ" ಎಂದಳು. ಬಾಯಿಗೆ ಬಂದ 'ನೋಡೋಣ' ಎಂಬ ಮಾತನ್ನು ನುಂಗಿಕೊಂಡೆ. ಭಾನುವಾರಕ್ಕೆ ಕುಳ್ಳನಿಗೆ ಎರಡು ಸೀಟು ಹೇಳಿದ್ದೇನೆ.